ಗೋಡೆಯಾಚೆಯ ಸದ್ದು

ಹಲಸೂರಿನ ಮಗ್ಗುಲಿನ ಮರ್ಫಿ ಟೌನಿನಲ್ಲಿ ಮನೆಗೆ ಮನೆ ತಾಗಿ ನಿಂತ ಓಣಿಗಳುಂಟು. ಒಂದು ಮನೆಯ ಒಗ್ಗರಣೆಯ ಘಮ ಮೂರು ಮನೆಗಳಿಗೆ ತಿಳಿಯುತ್ತದೆ. ಗಂಡನಾದವನು ಹೆಂಡತಿಯ ಮೇಲೆ ಕೈಮಾಡಿದ ಸದ್ದು ಮಾತ್ರ ಯಾರಿಗೂ ಕೇಳಿಸುವುದಿಲ್ಲ! ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಕಿವಿಗೆ ಹತ್ತಿಯಾಗಿ ಒದಗುತ್ತದೆ. ಇಂದಿರಾನಗರದ ಬಂಗಲೆಗಳಲ್ಲಿ ಗೋಡೆ ದಪ್ಪ, ಅಷ್ಟೇ ವ್ಯತ್ಯಾಸ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಮೇರೆಗೆ, ಮದುವೆಯಾದ 18ರಿಂದ 49 ವರ್ಷದ ಸ್ತ್ರೀಯರಲ್ಲಿ ಪತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಗುರಿಯಾದವರು ದೇಶದಲ್ಲಿ ನೂರಕ್ಕೆ 29, ಕರ್ನಾಟಕದಲ್ಲಿ 44. ರಾಜ್ಯಗಳಲ್ಲೆಲ್ಲ ಇದೇ ಅಗ್ರಸ್ಥಾನ! 2015-16ರಲ್ಲಿ ಇಲ್ಲಿಯ ಅಂಕಿ 21ರಷ್ಟಿತ್ತು. ಹಿಂಸೆಯೇ ಇಮ್ಮಡಿಸಿತೋ, ಬಾಯಿಬಿಟ್ಟು ಹೇಳಿದವರು ಹೆಚ್ಚಿದರೋ, ಅಂಕಿಯೊಂದೇ ತಿಳಿಸಲಾರದು. ಅದಕ್ಕಿಂತಲೂ ಎದೆ ನಡುಗಿಸುವುದು ಮತ್ತೊಂದು ಉತ್ತರ. ಎದುರುಮಾತು, ಕೆಟ್ಟ ಅಡುಗೆ, ಅತ್ತೆಮಾವಂದಿರಿಗೆ ಅಗೌರವ ಮೊದಲಾದ ಕಾರಣಗಳಲ್ಲಿ ಒಂದಕ್ಕಾದರೂ ಗಂಡ ಹೊಡೆಯುವುದು ಸರಿಯೆಂದು ಈ ನಾಡಿನ ಸ್ತ್ರೀಯರಲ್ಲಿಯೇ ನೂರಕ್ಕೆ 77 ಮಂದಿ ಒಪ್ಪಿದರು.

ಕಾನೂನು ಹಾಗೆನ್ನುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಂತೆ, ಮನೆ ತನ್ನ ಹೆಸರಿನಲ್ಲಿ ಇಲ್ಲದಿದ್ದರೂ ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕುಂಟು. ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಲು ಅವಳೇ ಹೋಗಬೇಕೆಂದೂ ಇಲ್ಲ. ಪಕ್ಕದ ಮನೆಯವರೂ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ದೂರವಾಣಿಯಲ್ಲಿ ಮಹಿಳಾ ಸಹಾಯವಾಣಿಯ ಸಂಖ್ಯೆ 181.