ಉಪ್ಪು ತಿಂದ ಉಪಕರಣ



ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ನಮ್ಮೆಲ್ಲರ ಬಾಯಲ್ಲಿದೆ. ಕಾಸರಗೋಡಿನ ಕಡಲತಡಿಯ ಮನೆಗಳಲ್ಲಿ ಕಿಟಕಿಯ ಸರಳಿಗೂ ಬಾಗಿಲ ಚಿಲಕಕ್ಕೂ ಉಪ್ಪುಗಾಳಿ ಮಾಡುವ ಹಾನಿಯನ್ನು ಅರಿಯದವರಿಲ್ಲ. ಬರಿಯ ಗಾಳಿಯೇ ಹೀಗಾದರೆ, ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲೊಳಗೆ ಮುಳುಗಿ ಬಂದ ಉಪಕರಣದ ಗತಿಯೇನು?

ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವ ಸ್ಕೂಬಾ ವಿದ್ಯೆಗೆ ಬುನಾದಿಯಾದ ಉಸಿರಾಟದ ಸಾಧನವನ್ನು ಫ್ರಾನ್ಸಿನಲ್ಲಿ ಕುಸ್ತೊ ಮತ್ತು ಗಾನ್ಯಾಂ ಎಂಬಿಬ್ಬರು 1943ರಲ್ಲಿ ರೂಪಿಸಿದರು. ಇಂದು ಮುರ್ಡೇಶ್ವರದ ಬಳಿಯ ನೇತ್ರಾಣಿಗೂ ಗೋವೆಯ ಗ್ರಾಂಡೆ ದ್ವೀಪಕ್ಕೂ ನಮ್ಮ ಮನೆಗಳ ತರುಣರು ಈ ವಿದ್ಯೆಗಾಗಿ ಹೋಗುತ್ತಿದ್ದಾರೆ.

ನಮ್ಮ ಪರಿಚಯದ ಮನೆಯ ಮಗನೊಬ್ಬನು ನೇತ್ರಾಣಿಯಿಂದ ರಾತ್ರಿಯ ರೈಲಿನಲ್ಲಿ ಮರಳಿದವನು, ದಣಿವಿನಿಂದ ಚೀಲವನ್ನು ಮೂಲೆಗಿಟ್ಟು ಮಲಗಿದನು. ಅದನ್ನು ಮತ್ತೆ ತೆರೆದುದು ಹದಿನೈದು ದಿನಗಳ ಬಳಿಕ, ಮುಂದಿನ ಪಯಣದ ದೋಣಿಯಲ್ಲಿ. ಸಿಲಿಂಡರಿನ ಕವಾಟ ತೆರೆದೊಡನೆ ರೆಗ್ಯುಲೇಟರಿನ ಬಾಯಿಯಿಂದ ಗಾಳಿ ಬುಸುಗುಟ್ಟುತ್ತ ಹರಿಯತೊಡಗಿತು, ನಿಲ್ಲಲಿಲ್ಲ. ಅಂದು ಅವನು ದೋಣಿಯಲ್ಲೇ ಕುಳಿತಿರಬೇಕಾಯಿತು. ನೀರಿನಾಳದಲ್ಲಿ ಹೀಗಾಗಿದ್ದರೆ? ಸುದ್ದಿ ಕೇಳಿದ ತಾಯಿ ಹೇಳಿದ್ದು ಒಂದೇ ಮಾತು: “ಮೀನಿನ ಬುಟ್ಟಿಯನ್ನಾದರೂ ತೊಳೆಯದೆ ಇಡುವವರುಂಟೇ ಮಗಾ?”

ಆ ತಾಯಿಯ ಮಾತೇ ಇಲ್ಲಿ ಶಾಸ್ತ್ರ. ಉಪ್ಪುನೀರು ಆರಿದರೆ ಹರಳುಗಟ್ಟುತ್ತದೆ; ಹರಳು ಕವಾಟದ ಸಂದಿನಲ್ಲಿ ಕುಳಿತರೆ ಅದು ಸರಿಯಾಗಿ ಮುಚ್ಚದು. ಆದುದರಿಂದ ಆರುವ ಮುನ್ನವೇ ಸಿಹಿನೀರಿನಲ್ಲಿ ಅದ್ದಬೇಕು. ಸವುಳು ನೀರಿನ ಬಾವಿಯಿದ್ದರೆ ಬೇರೆಡೆಯಿಂದ ನೀರು ತರುವುದು ಲೇಸು.

ಎಲ್ಲಕ್ಕೂ ಮಿಗಿಲಾದುದು ರೆಗ್ಯುಲೇಟರು. ಸಿಲಿಂಡರಿಗೆ ಜೋಡಿಸುವ ತುದಿಯ ಮುಚ್ಚಳವನ್ನು ಚೆನ್ನಾಗಿ ಒರಸಿ, ಬಿಗಿಯಾಗಿ ಮುಚ್ಚಿದ ಮೇಲೆಯೇ ನೀರಿಗಿಳಿಸಬೇಕು. ಅರ್ಧ ಗಂಟೆ ನೆನೆದರೆ ಉಪ್ಪು ಕರಗುತ್ತದೆ. ನೆನೆಯುವಾಗ ಬಾಯಿಯ ಭಾಗದ ಗುಂಡಿಯನ್ನು ಒತ್ತಲಾಗದು. ಒತ್ತಿದರೆ ಒಳಗಿನ ಕವಾಟ ತೆರೆದು, ಕೊಳವೆಯ ಮೂಲಕ ನೀರು ಒಳಸೇರುತ್ತದೆ. ಬಿಚ್ಚಿ ನೋಡುವ ಕುತೂಹಲವೂ ಬೇಡ. ತಯಾರಕರು ಹೇಳಿದ ಅವಧಿಗೆ ತರಬೇತಾದ ಕೈಗೆ ಒಪ್ಪಿಸುವುದೇ ಜಾಣತನ.

ಗಾಳಿ ತುಂಬುವ ಜಾಕೆಟ್ಟಿನ ಒಳಗೂ ಕಡಲನೀರು ಸೇರಿರುತ್ತದೆ. ಅದನ್ನು ಚೆಲ್ಲಿ, ಸ್ವಲ್ಪ ಸಿಹಿನೀರು ಹೊಯ್ದು, ಗಾಳಿ ತುಂಬಿ ಕುಲುಕಿ ಮತ್ತೆ ಬಸಿಯಬೇಕು. ಒಳಗೋಡೆಗಳು ಅಂಟಿಕೊಳ್ಳದಂತೆ ತುಸು ಗಾಳಿ ಉಳಿಸಿ ತೂಗುಹಾಕಬೇಕು. ರಬ್ಬರಿನಂತಹ ಉಡುಪನ್ನು ಒಳಮೈ ಹೊರಗೆ ಮಾಡಿ ತೊಳೆದು, ಅಗಲವಾದ ಹ್ಯಾಂಗರಿನಲ್ಲಿ ನೆರಳಲ್ಲಿ ಒಣಗಿಸಬೇಕು. ಹಪ್ಪಳದಂತೆ ಬಿಸಿಲಿಗೆ ಹರಡಿದರೆ ಬೇಗನೆ ಬಿರುಸಾಗಿ ಬಿರಿಯುತ್ತದೆ.

ಸಿಲಿಂಡರಿನ ಹೊರಮೈಯನ್ನೂ ಕವಾಟವನ್ನೂ ತೊಳೆದರೆ ಸಾಕು. ಒಳಗಿನ ಗಾಳಿಯನ್ನು ಪೂರ್ಣ ಬರಿದುಮಾಡದೆ ಸ್ವಲ್ಪ ಒತ್ತಡ ಉಳಿಸಿದರೆ ತೇವ ಒಳನುಗ್ಗದು. ಒಳಮೈಯ ಪರೀಕ್ಷೆಯನ್ನು ಬಲ್ಲವರಿಂದ ವರ್ಷಕ್ಕೊಮ್ಮೆ ಮಾಡಿಸಬೇಕು.

ಮಳೆಗಾಲದಲ್ಲಿ ನಮ್ಮ ಪಡುಗಡಲು ಮುಳುಗುವವರಿಗೆ ಮುಚ್ಚಿರುತ್ತದೆ. ಚೀಲಗಳು ತಿಂಗಳುಗಟ್ಟಲೆ ಮನೆಯಲ್ಲೇ ಇರುತ್ತವೆ. ತೇವವುಳಿದರೆ ಬೂಷ್ಟು ಹಿಡಿಯುವುದು ಆಗಲೇ. ಮಗನು ಕಡಲಿನಿಂದ ಬಂದ ದಿನ ಊಟಕ್ಕೆ ಕರೆಯುವ ಮುನ್ನ, “ಚೀಲ ತೊಳೆದೆಯಾ?” ಎಂದು ಕೇಳುವ ವಾಡಿಕೆ ನಮ್ಮ ಮನೆಗಳಲ್ಲಿ ಬೆಳೆಯಲಿ. ಕೇಳುವುದು ಚೀಲದ ಮಾತು. ಕಾಯುವುದು ಅವನ ಉಸಿರನ್ನು.