ಸೀದ ವಾಸನೆ ಯಾವುದರದು?

ಅಡುಗೆಯ ಮನೆಯಲ್ಲಿ ಏನಾದರೂ ಸೀದರೆ, ಹಜಾರದಲ್ಲಿ ಕುಳಿತ ಗಂಡಸರು "ಏನೋ ಸುಟ್ಟ ವಾಸನೆ" ಎಂದು ಮೂಗನ್ನರಳಿಸುವಷ್ಟರಲ್ಲಿಯೇ, ಹಿತ್ತಿಲಿನಲ್ಲಿ ಬಟ್ಟೆಯೊಗೆಯುತ್ತಿರುವ ಗೃಹಿಣಿಯು ಅಲ್ಲಿಂದಲೇ "ಹಾಲು ಉಕ್ಕಿತು" ಎಂದೋ, "ಅನ್ನ ತಳ ಹಿಡಿಯಿತು" ಎಂದೋ, "ಒಗ್ಗರಣೆಯ ಸಾಸಿವೆ ಕಪ್ಪಾಯಿತು" ಎಂದೋ ಹೇಳಿಬಿಡುತ್ತಾಳೆ. ಇದು ನಮ್ಮ ವಾಚಕರೆಲ್ಲರೂ ಕಂಡಿರತಕ್ಕ ಸಂಗತಿಯೇ. ಗಂಡಸರ ಮೂಗು ಬೆಂಕಿಯನ್ನು ಕಂಡಿತು. ಆಕೆಯ ಮೂಗು ವಸ್ತುವನ್ನು ಕಂಡಿತು. ಇವೆರಡರ ನಡುವಣ ಅಂತರವು ಒಮ್ಮೊಮ್ಮೆ ಪ್ರಾಣಕ್ಕೇ ಸಂಬಂಧಪಟ್ಟದ್ದಾಗುವುದುಂಟು. ಈ ತಿಂಗಳು ಒಂದು ಮೋಟಾರು ಗಾಡಿಯ ಪ್ರಸಂಗವನ್ನೆತ್ತಿಕೊಂಡು ಅದನ್ನು ಸ್ವಲ್ಪ ವಿಚಾರಿಸೋಣ.

ನಮ್ಮ ತರ್ಕಶಾಸ್ತ್ರದಲ್ಲಿ ಗಂಧವು ಪೃಥಿವಿಯೊಂದರದೇ ಗುಣವೆಂದು ಎಣಿಸಲ್ಪಟ್ಟಿದೆ. ಜಲಕ್ಕೆ ಗಂಧವಿಲ್ಲ, ವಾಯುವಿಗಿಲ್ಲ, ತೇಜಸ್ಸಿಗೂ ಇಲ್ಲ. ಅನ್ನಂಭಟ್ಟನ ತರ್ಕಸಂಗ್ರಹವನ್ನು ಹಿಡಿದ ಬಾಲಕನು ಮೊದಲ ಕೆಲವು ಪಾಠಗಳಲ್ಲಿಯೇ ಇದನ್ನು ಬಾಯಿಪಾಠ ಮಾಡಿರುತ್ತಾನೆ. ಇಂದಿನ ರಸಾಯನ ಶಾಸ್ತ್ರವು ಪಂಚಭೂತಗಳ ಲೆಕ್ಕವನ್ನು ಒಪ್ಪತಕ್ಕದ್ದಲ್ಲ; ಆದರೂ ಈ ಒಂದು ವಿಷಯದಲ್ಲಿ ಇಬ್ಬರಿಗೂ ಜಗಳವಿಲ್ಲ. ಬರಿಯ ಉಷ್ಣಕ್ಕೆ ವಾಸನೆಯಿಲ್ಲ. ಬಿಸಿಯಾದ ವಸ್ತುವಿನಿಂದ ಹೊರಟ ಅಣುಗಳು ಮೂಗನ್ನು ಮುಟ್ಟಿದಾಗಲೇ ವಾಸನೆ. ಆದುದರಿಂದ ಸುಟ್ಟ ವಾಸನೆಯು ಬಂದೊಡನೆ "ಎಲ್ಲಿ ಸುಡುತ್ತಿದೆ?" ಎಂದು ಮನೆಯೆಲ್ಲ ಓಡಾಡುವುದಕ್ಕೆ ಮೊದಲು "ಏನು ಸುಡುತ್ತಿದೆ?" ಎಂದು ಕೇಳಿಕೊಳ್ಳುವುದು ಶಾಸ್ತ್ರಸಮ್ಮತವಾದ ಕ್ರಮ. (ವಾಸನೆಯೇ ಇಲ್ಲದ ಅಪಾಯವೂ ಉಂಟು. ನಮ್ಮ ಒಲೆಗಳ ಅನಿಲಕ್ಕೆ ಸಹಜವಾಗಿ ಹೆಚ್ಚು ವಾಸನೆಯಿಲ್ಲದಿರುವುದರಿಂದ, ಸೋರಿದರೆ ತಿಳಿಯಲೆಂದು ಗಂಧಕಯುಕ್ತವಾದ ದುರ್ಗಂಧದ್ರವ್ಯವನ್ನು ಬೇಕೆಂದೇ ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್ ಪ್ರಾಂತದ ನ್ಯೂ ಲಂಡನ್ ಎಂಬ ಊರಿನ ಶಾಲೆಯೊಂದು, ವಾಸನೆಯಿಲ್ಲದ ಅನಿಲವು ಸೋರಿ ಸಿಡಿದು, ಮುನ್ನೂರರ ಸಮೀಪಕ್ಕೆ ಮಕ್ಕಳೂ ಉಪಾಧ್ಯಾಯರೂ ಮಡಿದ ಮೇಲೆ ಅಲ್ಲಿ ಈ ಕಟ್ಟಳೆಯು ಬಿಗಿಯಾಯಿತು. ಶಾಲೆಯಲ್ಲಿ ಜೀವಮಾನವನ್ನು ಕಳೆದ ನಮಗೆ ಆ ವೃತ್ತಾಂತವನ್ನು ಓದಿದಂದು ನಿದ್ರೆ ಬರಲಿಲ್ಲ.)

ಮೋಟಾರು ಗಾಡಿಯೂ ಒಂದು ಬಗೆಯ ಅಡುಗೆಯ ಮನೆಯೇ. ಅಲ್ಲಿಯೂ ಬೆಂಕಿಯುಂಟು, ಎಣ್ಣೆಯುಂಟು, ನೀರುಂಟು; ಪ್ರತಿಯೊಂದು ಪದಾರ್ಥವೂ ಸೀಯುವಾಗ ತನ್ನದೇ ಆದ ಗಂಧವನ್ನು ಬಿಡುತ್ತದೆ. ಎಂಜಿನ್ನಿನ ಎಣ್ಣೆಯು ಹೊಗೆಕೊಳವೆಯ ಮೇಲೆ ತೊಟ್ಟಿಕ್ಕಿದರೆ ಕರಿದೆಣ್ಣೆ ಹೊತ್ತಿದಂತಹ ಜಿಡ್ಡಿನ ಕಮರು. ಎಂಜಿನ್ನನ್ನು ತಂಪುಗೊಳಿಸುವ ನೀರಿನಲ್ಲಿ ಗ್ಲೈಕಾಲ್ ಎಂಬುದನ್ನು ಬೆರೆಸಿರುವುದರಿಂದ, ಅದು ಸೋರಿ ಕುದಿದರೆ ಸಿಹಿಯಾದ ವಾಸನೆ. ಬೆಲ್ಲದ ಪಾಕವೆಂದು ಭ್ರಮಿಸಿ ಸಂತೋಷಪಡುವವರೂ ಉಂಟು. ಏರಿನಲ್ಲಿ ಕ್ಲಚ್ಚನ್ನು ಅರೆಯಾಗಿ ತುಳಿದುಕೊಂಡೇ ಹೋದರೆ ಸುಟ್ಟ ಕಾಗದದ ನಾತ. ಬ್ರೇಕು ಬಿಡದೆ ಹಿಡಿದುಕೊಂಡಿದ್ದರೆ ಒಂದು ಚಕ್ರ ಮಾತ್ರ ಕಾದು ಅಲ್ಲಿಂದ ಕಟುವಾದ ವಾಸನೆಯೇಳುತ್ತದೆ. ವಿದ್ಯುತ್ತಿನ ತಂತಿಯ ಮೇಲ್ಹೊದಿಕೆ ಸುಡುವಾಗ ಬರುವ ಪ್ಲಾಸ್ಟಿಕ್ಕಿನ ಹೊಲಸು ವಾಸನೆಯನ್ನು ಕಂಡರಂತೂ ಒಂದು ನಿಮಿಷವೂ ತಡಮಾಡತಕ್ಕದ್ದಲ್ಲ. ಹೊಚ್ಚ ಹೊಸ ಗಾಡಿಗಳಲ್ಲಿ ಹೊಗೆಕೊಳವೆಗೆ ಬಳಿದ ಲೇಪವು ಮೊದಲ ಕೆಲವು ನೂರು ಮೈಲಿಗಳಲ್ಲಿ ಉರಿದುಹೋಗುವ ವಾಸನೆಯೂ ಒಂದುಂಟು, ಅದು ನಿರಪಾಯವಾದದ್ದು. ಆದರೆ ಕಾರ್ಯಾಗಾರದವರು ಬೇರೆ ಕಾರಣ ಕಾಣದಾಗಲೆಲ್ಲ ಈ ಲೇಪದ ಹೆಸರನ್ನು ಹೇಳುವ ಅಭ್ಯಾಸವನ್ನು ಮಾಡಿಕೊಂಡಿರುವುದು ಅಷ್ಟು ನಿರಪಾಯವಲ್ಲ.

ವೇಗದ ಓಟಕ್ಕೆಂದೇ ಮಾಡಿದ ಕಾರುಗಳಲ್ಲಿ ಈ ಸಮಸ್ಯೆಯು ಇಮ್ಮಡಿಯಾಗಿರುತ್ತದೆ. ಅವು ನೆಲಕ್ಕೆ ಅಂಟಿದಂತೆ ತಗ್ಗು; ಎಂಜಿನ್ ಬಲು ಬಿಸಿ; ಎಲ್ಲವನ್ನೂ ಇಕ್ಕಟ್ಟಾಗಿ ತುಂಬಿರುತ್ತಾರೆ. ಇಟಲಿಯ ಫೆರಾರಿ ಕಂಪನಿಯವರು 2010ರಲ್ಲಿ ತಮ್ಮ 458 ಇಟಾಲಿಯಾ ಎಂಬ ಹೆಸರಿನ 1,248 ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಕೆಲವು ಕಾರುಗಳು ದಾರಿಯಲ್ಲಿಯೇ ಹೊಗೆಯಾಡಿ ಉರಿದುಹೋಗಿದ್ದವು. ವಿಚಾರಿಸಿ ನೋಡಲಾಗಿ, ಹಿಂದಿನ ಚಕ್ರದ ಕಮಾನಿನೊಳಗೆ ಶಾಖವನ್ನು ತಡೆಯಲೆಂದು ಇಟ್ಟಿದ್ದ ತಗಡನ್ನು ಅಂಟಿನಿಂದ ಕೂಡಿಸಿದ್ದರು. ಶಾಖವು ಮಿತಿಮೀರಿದಾಗ ಆ ಅಂಟೇ ಹೊತ್ತಿಕೊಳ್ಳುತ್ತಿತ್ತು. ಅಂಟನ್ನು ತೆಗೆದು ಲೋಹದ ಬಂಧನಗಳನ್ನು ಹಾಕಿಕೊಟ್ಟರು. ರಕ್ಷಣೆಗೆಂದು ಇಟ್ಟ ತಗಡಿನ ಅಂಟಿನಿಂದಲೇ ಬೆಂಕಿ ಹುಟ್ಟಿದ್ದನ್ನು ನೋಡಿದರೆ, ಕಾವಲಿಗೆ ಇಟ್ಟವನೇ ಕನ್ನ ಕೊರೆದ ಕಥೆಯು ನೆನಪಾಗದೆ ಇರದು.

ಇನ್ನು ನಮ್ಮ ಪ್ರಸಂಗ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಸೋದರಳಿಯನು ಇಬ್ಬರೇ ಕೂರಬಹುದಾದ ಇಂತಹದೊಂದು ಕಾರನ್ನು ಕೊಂಡಿದ್ದಾನೆ. ಎಂಜಿನ್ ಆಸನಗಳ ಹಿಂದೆ. ನೆಲಕ್ಕೂ ತಳಕ್ಕೂ ನಡುವೆ ನಾಲ್ಕೈದು ಅಂಗುಲ. ರಜೆ ಬಂದಾಗಲೆಲ್ಲ ಮಡದಿಯೊಡನೆ ನಮ್ಮ ಜಿನನಾಥಪುರಕ್ಕೆ ಬರುತ್ತಾನೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಆಚೆಗೆ ಇರುವ ಈ ಸಣ್ಣ ಊರು, ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನ ಕಾಲದ್ದು. ರೇಚಿಮಯ್ಯನು ಸುಮಾರು 1200ರಲ್ಲಿ ಕಟ್ಟಿಸಿದ ಶಾಂತಿನಾಥ ಬಸದಿಯ ಹೊರಗೋಡೆಯ ಶಿಲ್ಪಗಳನ್ನು ನೋಡಬಂದವರು ಊರನ್ನೂ ನೋಡಿಕೊಂಡು ಹೋಗುತ್ತಾರೆ. ಅಳಿಯನು ಮಂಗಳೂರಿನ ಹೆದ್ದಾರಿಯನ್ನು ಹಿರೀಸಾವೆಯ ಹತ್ತಿರ ಬಿಟ್ಟು, ಹಳ್ಳಿಗಳ ಮೇಲೆ ಹಾದು ಬರುವ ದಾರಿಯನ್ನು ಹಿಡಿಯುವವನು.

ಡಿಸೆಂಬರಿನ ಕೊನೆಯಲ್ಲಿ ಬಂದಾಗ ಅವನ ಮುಖವು ಚಿಂತೆಯಿಂದ ಕೂಡಿತ್ತು. "ಮಾವ, ಒಂದು ತಿಂಗಳಿಂದ ಗಾಡಿಯಲ್ಲಿ ಏನೋ ಸುಟ್ಟ ವಾಸನೆ. ಓಡುತ್ತಿರುವಾಗ ಇಲ್ಲ, ನಿಲ್ಲಿಸಿದ ಮೇಲೆ ಬರುತ್ತದೆ. ಎರಡು ಸಲ ತೋರಿಸಿದೆ, ಏನೂ ಇಲ್ಲವೆಂದರು" ಎಂದನು. ಮೊದಲ ಸಲ ಗಾಳಿಯ ಸೋಸುಬಟ್ಟೆಯನ್ನು ಬದಲಾಯಿಸಿದ್ದರಂತೆ. ಎರಡನೆಯ ಸಲ, ನಾವು ಮೇಲೆ ಹೇಳಿದ ಲೇಪದ ಕಥೆಯನ್ನು ಹೇಳಿದ್ದರಂತೆ.

ಯಂತ್ರಗಳ ವಿದ್ಯೆಯು ನಮಗೆ ತಿಳಿಯದು. ಆದರೆ ಅನ್ವಯವ್ಯತಿರೇಕವನ್ನು ಬಲ್ಲೆವು. ಯಾವುದು ಇದ್ದರೆ ಇದು ಇರುತ್ತದೆ, ಯಾವುದು ಇಲ್ಲದಿದ್ದರೆ ಇದು ಇರುವುದಿಲ್ಲ ಎಂದು ಒಂದೊಂದನ್ನಾಗಿ ಕೇಳುತ್ತ ಬಂದೆವು. ಹೊರಗಿನ ಗಾಳಿಯ ದ್ವಾರವನ್ನು ಮುಚ್ಚಿದರೆ ವಾಸನೆಯಿಲ್ಲ, ತೆರೆದರೆ ಉಂಟು. ಆದುದರಿಂದ ಮೂಲವು ಕೂರುವ ಸ್ಥಳದೊಳಗಿಲ್ಲ. ನಾಲ್ಕು ಚಕ್ರಗಳ ಬಳಿಯೂ ಅಂಗೈಯನ್ನು ಚಾಚಿ ನೋಡಲಾಗಿ ಕಾವು ಸಮವಾಗಿಯೇ ಇತ್ತು, ಬ್ರೇಕು ನಿರಪರಾಧಿ. ನಿಲ್ಲಿಸಿದ ಜಾಗದಲ್ಲಿ ಎಣ್ಣೆಯ ತೊಟ್ಟಿಲ್ಲ. ಎಣ್ಣೆಯ ಮಟ್ಟವಾಗಲಿ ನೀರಿನ ಮಟ್ಟವಾಗಲಿ ತಗ್ಗಿರಲಿಲ್ಲ. ದೀಪಗಳೆಲ್ಲ ಸರಿಯಾಗಿ ಉರಿಯುತ್ತಿದ್ದವು. ನಿಂತ ಮೇಲೆ ಏತಕ್ಕೆ ಹೆಚ್ಚು ಎಂಬುದಕ್ಕೆ ಉತ್ತರವನ್ನು ಅಳಿಯನೇ ಕೊಟ್ಟನು: ಓಡುವಾಗ ಬೀಸುವ ಗಾಳಿಯು ಶಾಖವನ್ನೂ ವಾಸನೆಯನ್ನೂ ಎತ್ತಿಕೊಂಡು ಹೋಗುತ್ತದೆ, ನಿಂತೊಡನೆ ಕೊಳವೆಗಳ ಕಾವು ಸುತ್ತಣ ವಸ್ತುಗಳಿಗೆ ಏರುತ್ತದೆ. ಹೀಗೆ ಗಾಡಿಯ ಸ್ವಂತ ಪದಾರ್ಥಗಳೆಲ್ಲವೂ ಒಂದೊಂದಾಗಿ ತಪ್ಪಿಸಿಕೊಂಡು, ಪಾರಿಶೇಷ್ಯದಿಂದ, ಗಾಡಿಯದಲ್ಲದ ಯಾವುದೋ ವಸ್ತು ಎಂಬಷ್ಟು ಮಾತ್ರ ಉಳಿಯಿತು. ಅದು ಏನೆಂಬುದು ನಮ್ಮ ತರ್ಕಕ್ಕೆ ನಿಲುಕಲಿಲ್ಲ.

ನಿಲುಕಿದ್ದು ಪಕ್ಕದ ಮನೆಯ ಅಜ್ಜಿಗೆ. ಆಕೆಯು ಎಂಬತ್ತು ವರ್ಷದ ಒಕ್ಕಲಗಿತ್ತಿ, ಓದಿದವಳಲ್ಲ. ಹಸುವಿಗೆ ಕಲಗಚ್ಚು ಹಿಡಿದುಕೊಂಡು ಹಾದುಹೋಗುತ್ತಿದ್ದವಳು ಗಾಡಿಯ ಹಿಂದೆ ನಿಂತು ಒಮ್ಮೆ ಮೂಸಿ, "ಇದೇನಪ್ಪ ಮಗ, ನಿನ್ನ ಗಾಡೀಲಿ ಹುರುಳಿಸೊಪ್ಪು ಸೀದಂಗೆ ನಾತ ಬತ್ತದಲ್ಲ!" ಎಂದಳು. ಅಳಿಯನು ನಕ್ಕನು. ನಮಗೆ ನಗು ಬರಲಿಲ್ಲ. ಆ ದಿನ ಸಂಜೆಯೇ ಅವರಿಬ್ಬರೂ ಬೆಂಗಳೂರಿಗೆ ಹೊರಡುವವರಿದ್ದರು. ತಳವನ್ನು ಬಿಚ್ಚಿಸಿ ನೋಡದೆ ಹೊರಡಕೂಡದೆಂದು ತಡೆದೆವು.

ಚನ್ನರಾಯಪಟ್ಟಣದಿಂದ ಟ್ರ್ಯಾಕ್ಟರುಗಳನ್ನು ರಿಪೇರಿ ಮಾಡುವ ಒಬ್ಬ ಹುಡುಗನು ಬಂದನು. ಇಂತಹ ಕಾರುಗಳ ಹೊಟ್ಟೆಯ ಕೆಳಗೆ, ಗಾಳಿಯು ನುಣುಪಾಗಿ ಹರಿದುಹೋಗಲೆಂದು, ಉದ್ದಕ್ಕೂ ಒಂದು ಹಲಗೆಯನ್ನು ತಿರುಪು ಹಾಕಿ ಬಿಗಿದಿರುತ್ತಾರೆ. ತಿರುಪುಗಳು ಬಹಳ, ಎರಡು ಸಲ ನೋಡಿದವರು ಅದನ್ನು ಬಿಚ್ಚಿರಲಿಲ್ಲವೆಂಬುದು ಮೆತ್ತಿಕೊಂಡಿದ್ದ ಧೂಳಿನಿಂದಲೇ ಸ್ಪಷ್ಟವಾಗಿತ್ತು. ಹುಡುಗನು ಬಿಚ್ಚಿ ಇಳಿಸಿದಾಗ ಆ ಹಲಗೆಯ ಮೇಲೆ ಒಂದು ಮೊರದಷ್ಟು ಹುರುಳಿಯ ಬಳ್ಳಿ, ಹೊಟ್ಟು, ನಡುವೆ ನಾಲ್ಕು ರಾಗಿಯ ತೆನೆ. ಹೊಗೆಕೊಳವೆಯ ಕಡೆಗಿದ್ದ ಭಾಗವೆಲ್ಲ ಕರಿಯಾಗಿತ್ತು; ಮುಟ್ಟಿದರೆ ಪುಡಿಯಾಗುತ್ತಿತ್ತು. ಅದರ ಪಕ್ಕದಲ್ಲಿಯೇ ಹಾದುಹೋಗಿದ್ದ ತಂತಿಗಳ ಕವಚವು ಒಂದು ಗೇಣಿನಷ್ಟು ಉದ್ದ ಕರಗಿ ಜೋತುಬಿದ್ದಿತ್ತು. ಅಳಿಯನ ಮಡದಿಯು ಅದನ್ನು ನೋಡಿ ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಹುರುಳಿಯು ಗಾಡಿಯೊಳಕ್ಕೆ ಬಂದ ಬಗೆಯನ್ನು ನಮ್ಮ ಸೀಮೆಯ ವಾಚಕರು ಇಷ್ಟರಲ್ಲಿಯೇ ಊಹಿಸಿರಬೇಕು. ಡಿಸೆಂಬರು, ಜನವರಿಗಳಲ್ಲಿ ಹುರುಳಿಯನ್ನೂ ರಾಗಿಯನ್ನೂ ಟಾರು ರಸ್ತೆಯ ಮೇಲೆ ಹರಡಿ, ಓಡಾಡುವ ವಾಹನಗಳಿಂದ ಒಕ್ಕಣೆ ಮಾಡಿಸುವ ಪದ್ಧತಿಯು ಹಾಸನ, ತುಮಕೂರು, ಮಂಡ್ಯ, ಚಾಮರಾಜನಗರದ ಕಡೆಗಳಲ್ಲೆಲ್ಲ ಇದೆ. ಹುರುಳಿಯು ಸುತ್ತಿಕೊಳ್ಳುವ ಜಾತಿಯ ಗಿಡ. ಒಣಗಿದ ಮೇಲೂ ಅದರ ಸ್ವಭಾವವು ಹೋಗುವುದಿಲ್ಲ; ತಿರುಗುವ ಅಚ್ಚು ಸಿಕ್ಕಿದರೆ ನೂಲಿನಂತೆ ಸುತ್ತಿಕೊಳ್ಳುತ್ತದೆ. ಅದರ ಬಳಿಯಲ್ಲಿಯೇ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಪೆಟ್ಟಿಗೆಯುಂಟು. ನಮ್ಮ ದೇಶದಲ್ಲಿ 1995ರ ಏಪ್ರಿಲಿನಿಂದ, ಮೊದಲು ನಾಲ್ಕು ಮಹಾನಗರಗಳಲ್ಲಿ, ಹೊಸ ಪೆಟ್ರೋಲು ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದರು. ಕೆಲಸ ಮಾಡುವಾಗ ಅದರ ಒಳಭಾಗವು ಸಾಮಾನ್ಯವಾಗಿ 400ರಿಂದ 800 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯುತ್ತದೆ. ಒಣಹುಲ್ಲು 300ರ ಆಸುಪಾಸಿನಲ್ಲಿಯೇ ಹೊತ್ತಿಕೊಳ್ಳಬಲ್ಲುದು. ಹುರುಳಿಯ ಬಳ್ಳಿಯು ಸಿಕ್ಕಿ ನಡುರಸ್ತೆಯಲ್ಲಿಯೇ ಕಾರು ಸಂಪೂರ್ಣವಾಗಿ ಸುಟ್ಟುಹೋದ ವರ್ತಮಾನವನ್ನು ನಮ್ಮ ಪತ್ರಿಕೆಗಳಲ್ಲಿ ಒಂದಕ್ಕಿಂತ ಹೆಚ್ಚು ಸುಗ್ಗಿಗಳಲ್ಲಿ ಓದಿದ್ದೇವೆ. ಎತ್ತರದ ಗಾಡಿಗಳಿಗೇ ಈ ಗತಿಯಾದರೆ, ನೆಲವನ್ನು ನೆಕ್ಕಿಕೊಂಡು ಹೋಗುವ ಈ ಜಾತಿಯ ಕಾರುಗಳ ವಿಷಯವನ್ನು ಹೇಳತಕ್ಕದ್ದೇನು?

ರಸ್ತೆಯ ಮೇಲೆ ಒಕ್ಕಣೆ ಕೂಡದೆಂದು ಅಧಿಕಾರಿಗಳ ಆಜ್ಞೆಯು ಆಗಾಗ ಹೊರಡುತ್ತದೆ. ಪಟ್ಟಣದವರು ರೈತರನ್ನು ಬಯ್ಯುತ್ತಾರೆ. ನಮಗೆ ಅಷ್ಟು ಸುಲಭವಾಗಿ ಬಯ್ಯಲು ಬಾಯಿ ಬರುವುದಿಲ್ಲ. ನಾವು ಬಾಲ್ಯದಲ್ಲಿ ಕಂಡ ಕಣವು ಬೇರೆ. ನೆಲವನ್ನು ಕೆತ್ತಿ, ನೀರು ಚಿಮುಕಿಸಿ ಗಟ್ಟಿಮಾಡಿ, ಸಗಣಿಯಿಂದ ಸಾರಿಸಿ, ನಡುವೆ ಮೇಟಿಯನ್ನು ನೆಟ್ಟು, ಎತ್ತುಗಳಿಂದ ರೋಣಗಲ್ಲನ್ನು ಎಳೆಸಿ, ಗಾಳಿ ನೋಡಿ ತೂರುವಷ್ಟರಲ್ಲಿ ಮನೆಮಂದಿಗೆಲ್ಲ ತಿಂಗಳ ಕೆಲಸ. ಈಗ ಆ ಎತ್ತುಗಳಿಲ್ಲ, ಆಳುಗಳಿಲ್ಲ. ಕಣವಿದ್ದ ಜಾಗವು ಅಣ್ಣತಮ್ಮಂದಿರ ಭಾಗವಾಗಿ ಅದರಲ್ಲಿ ಮನೆಗಳೆದ್ದಿವೆ. ಒಕ್ಕಣೆಯ ಯಂತ್ರದ ಬಾಡಿಗೆಯು ಅರ್ಧ ಎಕರೆಯ ಹುರುಳಿಗೆ ಗಿಟ್ಟುವುದಿಲ್ಲ. ಬಾಗಿಲಿನ ಮುಂದೆಯೇ ಚೊಕ್ಕಟವಾದ ಗಟ್ಟಿ ನೆಲವೊಂದು ಬಿದ್ದಿರುವಾಗ ಬಡವನು ಅದನ್ನು ಬಳಸದೆ ಏನು ಮಾಡಿಯಾನು? ಉದ್ಯೋಗ ಖಾತರಿಯ ಯೋಜನೆಯಿಂದ ಸಿಮೆಂಟಿನ ಒಕ್ಕಣೆ ಕಣಗಳನ್ನು ಕಟ್ಟಿಕೊಂಡ ಊರುಗಳು ಉಂಟು. ಅಂತಹ ಕಣವು ಮನೆಗಳಿಗೆ ಹತ್ತಿರದಲ್ಲಿದ್ದರೆ ಮಾತ್ರ ಜನರು ರಸ್ತೆಯನ್ನು ಬಿಡುತ್ತಾರೆ. ಊರಾಚೆಯ ಗೋಮಾಳದಲ್ಲಿ ಕಟ್ಟಿದರೆ ಬಿಡುವುದಿಲ್ಲ. ಪಂಚಾಯಿತಿಯವರು ಸ್ಥಳವನ್ನು ಗೊತ್ತುಮಾಡುವಾಗ ಈ ಒಂದು ವಿಷಯವನ್ನು ಮನೆಯ ಹೆಂಗಸರನ್ನು ಕೇಳಿ ನಿಶ್ಚಯಿಸುವುದು ಮೇಲು. ಕಾಳನ್ನು ಕಾಯುವವರೂ ಹೊತ್ತು ತರುವವರೂ ಅವರೇ ಅಲ್ಲವೆ?

ಅದಾಗುವವರೆಗೆ ಸುಗ್ಗಿಯ ಕಾಲದಲ್ಲಿ ನಮ್ಮ ಕಡೆಗೆ ಗಾಡಿಯಲ್ಲಿ ಬರುವವರು ಹರಡಿದ ಹುಲ್ಲನ್ನು ಕಂಡರೆ ನಿಲ್ಲಿಸಿ, ಒಂದು ಮಗ್ಗುಲಿಗೆ ಸರಿಸಿಕೊಡಿರೆಂದು ಕೇಳಿಕೊಳ್ಳಬಹುದು. ಬೇಡವೆನ್ನುವವರನ್ನು ನಾವು ಕಂಡಿಲ್ಲ. ದಾಟಲೇಬೇಕಾಗಿ ಬಂದರೆ ಮುಂದೆ ಹುಲ್ಲಿಲ್ಲದ ಬರಿಯ ನೆಲದಲ್ಲಿ ನಿಲ್ಲಿಸಿ, ಬಗ್ಗಿ, ದೀಪ ಹಿಡಿದು ತಳವನ್ನು ನೋಡಬೇಕು; ಸಿಕ್ಕಿರುವ ಬಳ್ಳಿಯನ್ನು ಎಂಜಿನ್ ನಿಲ್ಲಿಸಿ, ಕಾವಾರಿದ ಮೇಲೆ, ಕೊಕ್ಕೆಯಿಂದ ಎಳೆದುಹಾಕಬೇಕು. ಹುಲ್ಲು ಸೀದ ವಾಸನೆಯು ಓಡುತ್ತಿರುವಾಗಲೇ ಬಂದರೆ ಊರು ಬರಲಿ ಎಂದು ಕಾಯದೆ ಒಡನೆಯೇ ಬದಿಗೆ ನಿಲ್ಲಿಸಿ, ಎಲ್ಲರೂ ಇಳಿದು ದೂರ ಸರಿಯತಕ್ಕದ್ದು. ಹೊಗೆಯು ಕಂಡರೆ ಎಂಜಿನ್ನಿನ ಮುಚ್ಚಳವನ್ನು ತೆರೆಯಬಾರದು. ಒಮ್ಮೆಗೇ ಗಾಳಿಯು ನುಗ್ಗಿ ಕೆಂಡವು ಜ್ವಾಲೆಯಾಗುತ್ತದೆ. ಒಣಪುಡಿಯ ಸಣ್ಣ ಅಗ್ನಿಶಾಮಕವೊಂದು ಆಸನದ ಬಳಿಯಲ್ಲಿ, ಕೈಗೆ ಸಿಕ್ಕುವಂತೆ ಇರಬೇಕು. ಸಾಮಾನಿನ ಪೆಟ್ಟಿಗೆಯ ತಳದಲ್ಲಿ ಹೂತಿಟ್ಟರೆ ಪ್ರಯೋಜನವಿಲ್ಲ.

ಅಳಿಯನು ಕರಗಿದ ಕವಚವನ್ನು ಬದಲಾಯಿಸಿ ಮೂರನೆಯ ದಿನ ಹೊರಟನು. ಹಿರೀಸಾವೆಯ ದಾರಿಯನ್ನು ಬಿಟ್ಟು ಚನ್ನರಾಯಪಟ್ಟಣದ ಮೇಲೆ ಹೋದನು. ನಾಲ್ಕಾರು ಮೈಲಿ ಹೆಚ್ಚಾದರೂ ಆ ರಸ್ತೆಯಲ್ಲಿ ವಾಹನಗಳ ಸಂದಣಿಯು ಬಹಳವಾದ್ದರಿಂದ ಹುರುಳಿಯನ್ನು ಹರಡುವವರು ಕಡಮೆ. ಅಜ್ಜಿಯು ಗಾಡಿಯಿಂದ ಉದುರಿದ ಹೊಟ್ಟಿನಲ್ಲಿ ಸೀಯದೆ ಉಳಿದದ್ದನ್ನು ಆರಿಸಿ ಹಸುವಿಗೆ ಹಾಕಿದಳು.