ಭೂಪರೀಕ್ಷೆ

ಕಟ್ಟಡಕ್ಕೆ ಮೊದಲು ನೆಲದಲ್ಲಿ ಗುಂಡಿ ತೋಡಿ, ಅದೇ ಮಣ್ಣಿನಿಂದ ಮುಚ್ಚಿದಾಗ ಮಣ್ಣು ಮಿಕ್ಕರೆ ಉತ್ತಮ, ಸಾಲದೆ ಹೋದರೆ ಅಧಮ ಎಂದು ನಮ್ಮ ವಾಸ್ತುಗ್ರಂಥಗಳು ವಿಧಿಸಿರುವುವು. ಭೂಪರೀಕ್ಷೆಯೆಂದರೆ ಇದೇ. ಈಗ ಅದನ್ನು ಭೂಪಟಗಳಿಂದಲೂ ಮಾಡಬಹುದಾಗಿದೆ.

ಹಾರಂಗಿ ಜಲಾಶಯಕ್ಕೆ ನೀರೂಡುವ ಬೆಟ್ಟಸೀಮೆಯಲ್ಲಿ ಇದರ ಅಗತ್ಯವೆಷ್ಟೆಂಬುದು ೨೦೧೮ನೆಯ ಇಸವಿ ಆಗಸ್ಟಿನಲ್ಲಿ ತಿಳಿದುಬಂದಿತು. ಮಕ್ಕಂದೂರು, ಹಟ್ಟಿಹೊಳೆಗಳ ಕಡೆ ಗುಡ್ಡಗಳು ಕುಸಿದು ಮನೆ ತೋಟಗಳು ನಾಶವಾದುವು. ಮಣ್ಣು ಹೊಳೆಗಳಲ್ಲಿ ಹರಿದು ಜಲಾಶಯವನ್ನು ಸೇರಿತು. ಅತಿವೃಷ್ಟಿಯೊಡನೆ, ಇಳಿಜಾರನ್ನು ಕಡಿದು ಸಮಮಾಡಿದುದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿರುವರು.

ಆದುದರಿಂದ ಇಲ್ಲಿ ಕೈಗಾರಿಕೆಯನ್ನೋ ವಸತಿಗೃಹವನ್ನೋ ಸ್ಥಾಪಿಸಬಯಸುವವರು ರಸ್ತೆಯ ಪಟವೊಂದನ್ನೇ ನೋಡಿ ಸ್ಥಳವನ್ನು ನಿರ್ಧರಿಸಲಾಗದು. ಇಳಿಜಾರು, ನೀರಿನ ಹರಿವು, ಕಾಡು ಇವುಗಳ ಪಟಗಳನ್ನೂ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಸಿದ್ಧಪಡಿಸಿರುವ ಭೂಕುಸಿತಸಂಭವದ ಪಟವನ್ನೂ ಒಂದರ ಮೇಲೊಂದಿಟ್ಟು ನೋಡಿ, ಯಾವುದರಲ್ಲಿಯೂ ದೋಷ ಕಾಣದ ನೆಲವನ್ನೇ ಆರಿಸತಕ್ಕದ್ದು. ಸರ್ಕಾರದ ‘ದಿಶಾಂಕ್’ ಸರ್ವೆ ನಂಬರನ್ನು ತೋರಿಸುವುದು ನಿಜ. ಆದರೆ ಸರ್ವೆ ನಂಬರು ನೆಲದ ಎಲ್ಲೆಯನ್ನು ಹೇಳೀತೇ ಹೊರತು ಗುಣವನ್ನು ಹೇಳದು.

ಇಷ್ಟೆಲ್ಲ ನೋಡಿದ ಮೇಲೆಯೂ, ಹೊಳೆಯು ಎಲ್ಲಿಯವರೆಗೆ ಏರಿತ್ತೆಂಬುದನ್ನು ಆ ಊರಿನ ವೃದ್ಧರಲ್ಲಿ ಒಮ್ಮೆ ವಿಚಾರಿಸಿರಿ. ನೆಲಕ್ಕೆ ತೆರುವ ಹಣ ಒಬ್ಬನದು. ಗುಡ್ಡ ಜಾರಿದರೆ ಹೋಗುವ ಪ್ರಾಣ ಕೆಳಗಿರುವವರದು.